ಜಮೈಕಾದ ಓಟಗಾರ ಡಾಕ್ಟರ್ ಆರ್ಥರ್ ವಿಂಟ್



ಈ ಸಲದ ಗೋಡೆ ಪತ್ರಿಕೆಗೆ ನಾನು ಒಬ್ಬ ಓಟಗಾರರ ಜೀವನ ಚರಿತ್ರೆ ಬರೆದಿದ್ದೇನೆ. ಉಸೇನ್ ಬೋಲ್ಟ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರ ದೇಶಕ್ಕೆ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಚಿನ್ನ ತಂದವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅವರೇ ಆರ್ಥರ್ ವಿಂಟ್.

ಜಮೈಕಾ ಕೆರಿಬಿಯನ್ ಸಮುದ್ರದಲ್ಲಿರುವ ಒಂದು ದ್ವೀಪ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. 1962ರವರೆಗೆ ಅದು ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ 1910ರಿಂದಲೂ ಪ್ರೌಢಶಾಲೆ ಹುಡುಗರ ಕ್ರೀಡಾಕೂಟ ಜೋರಾಗಿ ನಡೆಯುತ್ತದೆ. ಆ ದ್ವೀಪದ ಅಥ್ಲೆಟಿಕ್ಸ್ ಸಂಘಕ್ಕೆ ಒಳ್ಳೆ ಓಟಗಾರರು ಸಿಗೋದು ಹೆಚ್ಚಾಗಿ ಈ ಶಾಲೆಗಳಿಂದಲೇ.

ವಿಂಟ್ ಅವರು 1920ರ ಮೇ 25ರಂದು ಜಮೈಕಾದ ಮ್ಯಾಂಚೆಸ್ಟರ್ ಎಂಬ ಸೀಮೆಯಲ್ಲಿ ಹುಟ್ಟಿದರು. ಶಾಲೆಯಲ್ಲಿರುವಾಗಲೇ ಓಟದಲ್ಲಿ ಹೆಸರು ಮಾಡಿದರು. ಆರಡಿ ಮೀರಿದ ಆಳು, ಉದ್ದುದ್ದ ಕಾಲು. ಆದರೆ ಸ್ವಭಾವ ಬಹಳ ಮೃದು. ಅದಕ್ಕೆ ಜನ ಅವರನ್ನು ಸಾಧು ದೈತ್ಯ ಎಂಬ ಅರ್ಥ ಬರುವಂತೆ ಕರೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಬ್ರಿಟನ್ನಿನ ವಾಯುಸೇನೆ ಸೇರಿ ಪೈಲಟ್ ಆದರು. ಯುದ್ಧ ಮುಗಿದ ಮೇಲೆ 1947ರಲ್ಲಿ ಸೇನೆ ಬಿಟ್ಟು ಲಂಡನ್ನಿನ ಸೇಂಟ್ ಬಾರ್ಥಲೊಮಿಯೊ ಆಸ್ಪತ್ರೆಯಲ್ಲಿ ಡಾಕ್ಟರಿಕೆ ಓದಲು ಸೇರಿದರು.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಜಮೈಕಾ ಬಂದದ್ದು ಅದೇ ಮೊದಲ ಸಲ. 400 ಮೀಟರ್ ಓಟದಲ್ಲಿ ಎಲ್ಲರ ಕಣ್ಣು ಇದ್ದದ್ದು ಜಮೈಕಾದವರೇ ಆದ ಹರ್ಬ್ ಮೆಕೆನ್ಲಿ ಮೇಲೆ. ಮೆಕೆನ್ಲಿ ಮೊದಲಿಂದ ಮುಂದೇ ಇದ್ದರು. ಕೊನೆಯಲ್ಲಿ ವಿಂಟ್ ಉದ್ದ ಹೆಜ್ಜೆ ಹಾಕಿ ಅವರನ್ನು ಹಿಂದೆ ಹಾಕಿಬಿಟ್ಟರು! 46.2 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಚಿನ್ನ, ಬೆಳ್ಳಿ ಎರಡೂ ಆ ಪುಟ್ಟ ದ್ವೀಪಕ್ಕೇ ಹೋದವು. 800 ಮೀಟರಿನಲ್ಲಿ ಅಮೆರಿಕದ ಮಾಲ್ ವಿಟ್‌ಫೀಲ್ಡ್ ಗೆದ್ದರು, ವಿಂಟ್‌ಗೆ ಬೆಳ್ಳಿ ಬಂತು.

ಉಳಿದದ್ದು 4×400 ಮೀಟರ್ ರಿಲೇ. ರೋಡೆನ್, ಲೇಯಿಂಗ್, ವಿಂಟ್, ಮೆಕೆನ್ಲಿ ನಾಲ್ಕು ಜನರ ತಂಡ. ಮೂರನೆಯವರಾಗಿ ವಿಂಟ್ ಕೋಲು ಹಿಡಿದು ಓಡುತ್ತಿದ್ದಾಗ ಇದ್ದಕ್ಕಿದ್ದಂತೆ ಕಾಲಿನ ಸ್ನಾಯು ಹಿಡಿದುಕೊಂಡಿತು. ಅಲ್ಲೇ ನಿಂತುಹೋದರು. ಮುಂದೆ ಕೈ ಚಾಚಿ ಕಾಯುತ್ತಿದ್ದ ಮೆಕೆನ್ಲಿಗೆ ಕೋಲು ತಲುಪಲೇ ಇಲ್ಲ. ಅದೇ ಒಲಿಂಪಿಕ್ಸ್‌ನಲ್ಲಿ, ಬೆಂಗಳೂರಿನಲ್ಲಿ ಓದಿದ ನಮ್ಮ ಹೆನ್ರಿ ರೆಬೆಲ್ಲೊ ಅವರಿಗೂ ಟ್ರಿಪಲ್ ಜಂಪ್ ಫೈನಲ್‌ನಲ್ಲಿ ತೊಡೆಯ ಸ್ನಾಯುವಿಗೆ ಪೆಟ್ಟಾಗಿ ಪದಕದ ಆಸೆ ಹೋಯಿತು. ಎಷ್ಟೇ ತಯಾರಿ ಮಾಡಿದರೂ ಹೀಗೆ ಆಗುತ್ತೆ ಅಂತ ನಮ್ಮ ಪಿ.ಟಿ. ಮೇಷ್ಟ್ರು ಹೇಳುತ್ತಾರೆ.

ನಾಲ್ಕು ವರ್ಷ ಕಳೆಯಿತು. 1952ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್. ವಿಂಟ್‌ಗೆ ಆಗ 32 ವರ್ಷ. 800 ಮೀಟರಿನಲ್ಲಿ ಮತ್ತೆ ವಿಟ್‌ಫೀಲ್ಡ್‌ಗೆ ಚಿನ್ನ, ವಿಂಟ್‌ಗೆ ಬೆಳ್ಳಿ. ಆಮೇಲೆ ರಿಲೇಗೆ ಜಮೈಕಾ ಕಳಿಸಿದ್ದು ಯಾರನ್ನು ಗೊತ್ತಾ? ಅದೇ ನಾಲ್ಕು ಜನರನ್ನು! ವಿಂಟ್ ಅವರನ್ನು ಕೈಬಿಡಲಿಲ್ಲ, ಮೊದಲ ಓಟವನ್ನೇ ಕೊಟ್ಟರು. ಅವರು ಚೆನ್ನಾಗಿ ಓಡಿ ಲೇಯಿಂಗ್ ಕೈಗೆ ಕೋಲು ಕೊಟ್ಟರು. ಲೇಯಿಂಗ್ ಅಮೆರಿಕದವರಿಗಿಂತ ಹಿಂದೆ ಬಿದ್ದರು. ಆಗ ಮೆಕೆನ್ಲಿ ಬಾಣದಂತೆ ಓಡಿ ಅಷ್ಟೂ ದೂರ ತುಂಬಿಸಿದರು. ಕೊನೆಗೆ ರೋಡೆನ್ ಅವರು ಅದೇ ವಿಟ್‌ಫೀಲ್ಡ್ ಅವರನ್ನು ಮುಂದೆ ಹೋಗಗೊಡದೆ ಗೆದ್ದರು. ಕಾಲ 3 ನಿಮಿಷ 3.9 ಸೆಕೆಂಡು, ಹೊಸ ವಿಶ್ವದಾಖಲೆ. ಅಮೆರಿಕ ಸೋತದ್ದು ಬರೀ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ.

1953ರಲ್ಲಿ ವಿಂಟ್ ಓಟ ನಿಲ್ಲಿಸಿ ಡಾಕ್ಟರ್ ಆದರು. 1955ರಲ್ಲಿ ತಮ್ಮ ದೇಶಕ್ಕೆ ವಾಪಸು ಬಂದರು. ಹ್ಯಾನೋವರ್ ಎಂಬ ಸೀಮೆಗೆ ಹೋಗಿ ನೆಲೆಸಿದರು. ಆ ಇಡೀ ಸೀಮೆಯಲ್ಲಿ ವಾಸವಿದ್ದ ಡಾಕ್ಟರು ಅವರೊಬ್ಬರೇ. 1974ರಿಂದ 1978ರವರೆಗೆ ಬ್ರಿಟನ್ನಿನಲ್ಲಿ ಜಮೈಕಾದ ಹೈಕಮಿಷನರ್ ಆಗಿದ್ದರು. 1992ರ ಅಕ್ಟೋಬರ್ 19ರಂದು ತೀರಿಕೊಂಡರು. ಅಂದು ಜಮೈಕಾದಲ್ಲಿ ರಾಷ್ಟ್ರವೀರರ ದಿನವಾಗಿತ್ತು. ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ರಾಷ್ಟ್ರೀಯ ಕ್ರೀಡಾಂಗಣದ ರಸ್ತೆಗೆ ಅವರ ಹೆಸರೇ ಇದೆ.

ವಿಂಟ್ ಅವರ ಮೊದಲ ಚಿನ್ನಕ್ಕಿಂತ ನನಗೆ ಎರಡನೇ ಚಿನ್ನವೇ ಹೆಚ್ಚು ಇಷ್ಟ. ಮೊದಲನೆಯದು ಅವರ ಕಾಲಿನ ಬಲದಿಂದ ಬಂತು. ಎರಡನೆಯದು ಗೆಳೆಯರು ಅವರ ಮೇಲೆ ಇಟ್ಟ ನಂಬಿಕೆಯಿಂದ ಬಂತು. ಹೋದ ಹೋಬಳಿ ಕ್ರೀಡಾಕೂಟದ ರಿಲೇಯಲ್ಲಿ ನಮ್ಮ ತರಗತಿಯ ಒಬ್ಬ ಬಿದ್ದ. ಅವತ್ತಿಂದ ಕೆಲವರು ಅವನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅವನೂ ಆಟದ ಪಿರಿಯಡ್‌ನಲ್ಲಿ ಬೇವಿನ ಮರದ ಕೆಳಗೆ ಸುಮ್ಮನೆ ಕೂರುತ್ತಾನೆ. ಈ ವರ್ಷವೂ ಅವನನ್ನೇ ತಂಡಕ್ಕೆ ಸೇರಿಸಿಕೊಳ್ಳೋಣ, ಮೊದಲ ಓಟ ಅವನಿಗೇ ಕೊಡೋಣ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

— 7ನೇ ತರಗತಿ ವಿದ್ಯಾರ್ಥಿ