ಮಳೆ ಲೆಕ್ಕ ತಪ್ಪಬಾರದೆಂದು ಹಟ ಹಿಡಿದ ಅನ್ನಾ ಮಣಿ

ಗುಬ್ಬಿ: ಹಾಗಲವಾಡಿ ಕಡೆ ಎಷ್ಟು ಮಳೆ ಬಂತು ಅನ್ನೋದನ್ನು ರೈತರು ಹೊಲದಲ್ಲಿ ಹಸಿ ಎಷ್ಟು ಇಳಿದಿದೆ ಅಂತ ನೋಡಿಯೇ ಹೇಳ್ತಾರೆ. ಸರ್ಕಾರಕ್ಕೆ ಮಾತ್ರ ಮಿಲಿಮೀಟರ್ ಲೆಕ್ಕ ಬೇಕು. ಅದಕ್ಕಾಗಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಟೆಲಿಮೆಟ್ರಿಕ್ ಮಳೆಮಾಪಕ ಅಳವಡಿಸಿದೆ. 15 ನಿಮಿಷಕ್ಕೊಮ್ಮೆ ಅಂಕಿಅಂಶ ಬೆಂಗಳೂರು ಸೇರುತ್ತದೆ. ಬರ ಘೋಷಣೆಗೂ, ಹವಾಮಾನ ಆಧಾರಿತ ಬೆಳೆ ವಿಮೆಗೂ ಇಂಥ ಅಂಕಿಯೇ ಆಧಾರ. ಮಾಪಕದ ಬಾಯಿಗೆ ಒಣಗಿದ ಎಲೆ ಬಿದ್ದು ಕಟ್ಟಿಕೊಂಡರೂ ಸಾಕು, ಸುರಿದ ಮಳೆ ದಾಖಲೆಗೆ ಬರೋದಿಲ್ಲ.

ತಪ್ಪು ಅಳತೆಗಿಂತ ಅಳೆಯದೇ ಇರುವುದೇ ವಾಸಿ ಎಂದು ನಂಬಿ ಕೆಲಸ ಮಾಡಿದವರು ಹವಾಮಾನ ವಿಜ್ಞಾನಿ ಅನ್ನಾ ಮಣಿ. ಹುಟ್ಟಿದ್ದು 1918ರ ಆಗಸ್ಟ್ 23ರಂದು, ತಿರುವಾಂಕೂರಿನ ಪೀರ್ಮೇಡಿನಲ್ಲಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಹುಡುಗಿ ಅದು ಬೇಡ ಅಂತ ವಿಶ್ವಕೋಶ ಕೇಳಿದಳಂತೆ.

ಬೇಡವೆಂದ ವಜ್ರವೇ ಮುಂದೆ ಕೆಲಸವಾಯಿತು. 1940ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದು, ಸಿ.ವಿ. ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳು ಸೂಸುವ ಬೆಳಕಿನ ಸಂಶೋಧನೆ ನಡೆಸಿದರು. ಒಂದು ಫೋಟೊ ಪ್ಲೇಟ್ ಮೂಡಲು 15ರಿಂದ 20 ಗಂಟೆ ಹಿಡಿಯುತ್ತಿತ್ತು, ರಾತ್ರಿಯೂ ಅಲ್ಲೇ. ಐದು ಸಂಶೋಧನಾ ಲೇಖನ ಬರೆದರು, ಮಹಾಪ್ರಬಂಧವನ್ನೂ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲೇ ಇಲ್ಲ. ಅನ್ಯಾಯವೇ ಸರಿ, ಆದರೆ ಅವರು ಅದನ್ನೇ ಹಿಡಿದು ಕೂರಲಿಲ್ಲ.

1945ರಲ್ಲಿ ಭೌತವಿಜ್ಞಾನ ಓದಲು ಲಂಡನ್‌ಗೆ ಹೋದರು. ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ವಾಪಸ್ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದಾಗ ಥರ್ಮಾಮೀಟರ್, ಮಳೆಮಾಪಕದಂಥ ಸಣ್ಣ ಸಾಮಾನಿಗೂ ದೇಶ ಬ್ರಿಟನ್ ಕಡೆ ನೋಡಬೇಕಿತ್ತು. ಒಂದೂರಿನ ಅಂಕಿಯನ್ನು ಇನ್ನೊಂದೂರಿನದಕ್ಕೆ ಹೋಲಿಸಬೇಕಾದರೆ ಎರಡೂ ಕಡೆಯ ಉಪಕರಣ ಒಂದೇ ಪ್ರಮಾಣದ್ದಿರಬೇಕು. ಹಾಗಾಗಿ ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಇಲ್ಲೇ ತಯಾರಿಕೆ ಶುರು ಮಾಡಿಸಿದರು. ಪ್ರತಿಯೊಂದನ್ನೂ ಮಾದರಿ ಉಪಕರಣದ ಜೊತೆ ತಾಳೆ ನೋಡಬೇಕು ಅನ್ನೋದು ಅವರ ಹಟ. 1953ರ ಹೊತ್ತಿಗೆ ಅವರ ಕೈಕೆಳಗೆ 121 ಮಂದಿ ಗಂಡಸರಿದ್ದರು. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಬಿಸಿಲಿನ ಶಕ್ತಿ ಅಳೆಯುವ ಕೇಂದ್ರಗಳ ಜಾಲವನ್ನೇ ಕಟ್ಟಿದರು.

1976ರಲ್ಲಿ ನಿವೃತ್ತರಾದರು, ಕೆಲಸ ಬಿಡಲಿಲ್ಲ. ರಾಮನ್ ಸಂಶೋಧನಾ ಸಂಸ್ಥೆಗೆ ಮರಳಿದರು. ಬೆಂಗಳೂರಿನಲ್ಲೇ ಗಾಳಿ, ಬಿಸಿಲು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ ತೆರೆದರು. ದೇಶದಲ್ಲಿ ಎಲ್ಲೆಲ್ಲಿ ಗಾಳಿ ವಿದ್ಯುತ್ ಆಗುವಷ್ಟು ಬೀಸುತ್ತದೆ ಎಂದು ಅಳೆಸಿ ಪುಸ್ತಕ ಮಾಡಿದರು. ಮದುವೆಯಾಗಿರಲಿಲ್ಲ. 1994ರಲ್ಲಿ ಪಾರ್ಶ್ವವಾಯು ಹೊಡೆದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.