ಹಸುರು ಹಾದಿಯ ಋಣ: ಡಾ. ಬಿ.ಜಿ.ಎಲ್. ಸ್ವಾಮಿ

ಕನ್ನಡದಲ್ಲಿ ಪ್ರವಾಸ ಕಥನಗಳಿಗೆ ಕೊರತೆಯಿಲ್ಲ. ಕಾಶಿ, ಬದರಿಗಳಿಗೆ ಹೋಗಿ ಬಂದವರು ಬರೆದಿದ್ದಾರೆ. ಲಂಡನ್, ಪ್ಯಾರಿಸ್ ಕಂಡವರೂ ಬರೆದಿದ್ದಾರೆ. ಆದರೆ ಒಂದು ಗಿಡವನ್ನು ನೋಡುವುದಕ್ಕಾಗಿ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಹೊಕ್ಕು, ಜಿಗಣೆ ಕಚ್ಚಿಸಿಕೊಂಡು, ಮಳೆಯಲ್ಲಿ ನೆನೆದು, ಆ ಅಲೆದಾಟವನ್ನೆಲ್ಲ ನಗುನಗುತ್ತ ನೆನೆಸಿಕೊಂಡು ಬರೆದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು ಡಾ. ಬಿ.ಜಿ.ಎಲ್. ಸ್ವಾಮಿಯವರು. ಗೋರೆಗಾಂವಿನಂತಹ ಉಪನಗರದಲ್ಲಿ, ಒಂದು ಬದಿಗೆ ರೈಲುಹಳಿ, ಇನ್ನೊಂದು ಬದಿಗೆ ಆರೆಯ ಕಾಡು ಇರುವಲ್ಲಿ ನೆಲೆಸಿರುವ ನಮಗೆ ಈ ಹಿರಿಯರ ನೆನಪು ಹಲವು ಕಾರಣಗಳಿಂದ ಆಪ್ತವಾದುದು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಜನಿಸಿದ್ದು 1918ರಲ್ಲಿ. ತಂದೆ ಡಿ.ವಿ. ಗುಂಡಪ್ಪನವರು, ಅಂದರೆ ನಮ್ಮೆಲ್ಲರ ಡಿ.ವಿ.ಜಿ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗ, ಮನೆ ತುಂಬ ಪುಸ್ತಕ, ಬಂದು ಹೋಗುವ ವಿದ್ವಾಂಸರು. ಇಂತಹ ಮನೆಯ ಹುಡುಗ ಸಾಹಿತ್ಯವನ್ನೋ ವೇದಾಂತವನ್ನೋ ಹಿಡಿಯುತ್ತಾನೆಂದು ಯಾರಾದರೂ ಎಣಿಸಬಹುದಿತ್ತು. ಸ್ವಾಮಿಯವರು ಹಿಡಿದದ್ದು ಸೂಕ್ಷ್ಮದರ್ಶಕವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಆರ್ಕಿಡ್ ಗಿಡಗಳ ಭ್ರೂಣದ ಬೆಳವಣಿಗೆಯನ್ನು ತಮ್ಮ ಸಂಶೋಧನೆಯ ಕ್ಷೇತ್ರವಾಗಿ ಆರಿಸಿಕೊಂಡರು. ಮಲೆನಾಡಿನವರು ಸೀತಾಳೆ ದಂಡೆಯೆಂದು ಕರೆಯುವ, ಮರದ ಮೇಲೆ ಜೋತುಬೀಳುವ ಹೂಗೊಂಚಲು ಇದೇ ಕುಲದ್ದು. ಆರ್ಕಿಡ್‌ನ ಬೀಜ ಧೂಳಿನಂತೆ ಹಗುರ. ಅದರೊಳಗೆ ಮರಿಗಿಡಕ್ಕೆ ಬುತ್ತಿಯೆಂಬುದೇ ಇಲ್ಲ. ಒಂದು ಬಗೆಯ ಶಿಲೀಂಧ್ರದ ನೆರವು ದೊರೆತರಷ್ಟೇ ಅದು ಚಿಗುರೀತು. ಇಂತಹ ಅಲ್ಪ ವಸ್ತುವಿನ ಮೇಲೆ ವರ್ಷಗಟ್ಟಲೆ ಕಣ್ಣು ನೆಟ್ಟು ಕುಳಿತವರಿಗೆ 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಡಿ.ಎಸ್ಸಿ. ಪದವಿ ನೀಡಿತು.

ದೇಶ ಸ್ವತಂತ್ರವಾದ ಆ ಕಾಲದಲ್ಲಿಯೇ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಪಯಣಿಸಿದರು. ಅಲ್ಲಿ ಅವರಿಗೆ ದೊರೆತ ಗುರು ಇರ್ವಿಂಗ್ ಬೈಲಿ. ಮರಗಳ ಒಳರಚನೆಯ ಅಧ್ಯಯನದಲ್ಲಿ ಜಗತ್ತಿನ ಅತಿ ಹಿರಿಯರಲ್ಲೊಬ್ಬರು. ಫಿಜಿ ದ್ವೀಪದಲ್ಲಿ ದೊರೆತ ಡಿಜನೇರಿಯ ಎಂಬ ಪ್ರಾಚೀನ ಲಕ್ಷಣಗಳ ಮರವೂ ಸ್ವಾಮಿಯವರ ಅಧ್ಯಯನಕ್ಕೆ ಒಳಗಾಯಿತು. ಹೂವಿನೊಳಗೆ ಬೀಜಗಳನ್ನು ಹೊತ್ತಿರುವ ಅಂಡಕೋಶವು ಮೂಲದಲ್ಲಿ ನಡುನರದ ಗುಂಟ ಮಡಚಿಕೊಂಡ ಒಂದು ಎಲೆಯಂತಹುದು ಎಂಬ ವಿಚಾರವನ್ನು ಗುರುಶಿಷ್ಯರು ಜೊತೆಯಾಗಿ 1951ರಲ್ಲಿ ಪ್ರಕಟಿಸಿದರು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುವಾಗ ಎರಡು ಅಂಚುಗಳು ಬಿಚ್ಚಿಕೊಂಡು ಕಾಳುಗಳು ಅಂಚಿನಲ್ಲಿ ಅಂಟಿಕೊಂಡಿರುವುದನ್ನು ಕಂಡವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಸಸ್ಯಶಾಸ್ತ್ರಜ್ಞರು ಆ ಪ್ರಬಂಧವನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಆ ದಿನಗಳ ನೆನಪುಗಳನ್ನು ಅವರು ಅಮೆರಿಕದಲ್ಲಿ ನಾನು ಎಂಬ ಪುಸ್ತಕವಾಗಿ ಕೊಟ್ಟಿದ್ದಾರೆ. ಆದರೆ ಆ ಪ್ರಯಾಣದ ಋಣವನ್ನು ಅವರು ತೀರಿಸಿದ ಬಗೆ ಇನ್ನೂ ವಿಶಿಷ್ಟವಾದುದು. ತಾವು ಗುರುತಿಸಿ ವಿವರಿಸಿದ ಒಂದು ಸಸ್ಯಕ್ಕೆ 1953ರಲ್ಲಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಗುರುವಿನ ಹೆಸರನ್ನಿಟ್ಟರು. ಅದೇ ವರ್ಷ ಇನ್ನೊಂದಕ್ಕೆ ಆಸ್ಕರೈನ ಮಹೇಶ್ವರಿಯೈ ಎಂದು ಹೆಸರಿಸಿದರು. ಇದು ಭಾರತದಲ್ಲಿ ಸಸ್ಯಭ್ರೂಣಶಾಸ್ತ್ರಕ್ಕೆ ದಿಕ್ಕು ತೋರಿದ ಪಂಚಾನನ ಮಹೇಶ್ವರಿಯವರ ನೆನಪಿಗೆ ಸಂದದ್ದು. ಶಾಲು ಹೊದೆಸಿ, ಫಲತಾಂಬೂಲ ಕೊಟ್ಟು ಗೌರವಿಸುವ ರೂಢಿಯವರು ನಾವು. ಸಸ್ಯವಿಜ್ಞಾನಿಯ ಗುರುಕಾಣಿಕೆ ಹೀಗೂ ಇರುತ್ತದೆ.

1953ರಲ್ಲಿಯೇ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಎರಡು ದಶಕಗಳಿಗೂ ಮಿಕ್ಕಿದ ಈ ಮದರಾಸು ವಾಸವೇ ನಮ್ಮಂತಹ ಹೊರನಾಡ ಕನ್ನಡಿಗರು ಗಮನಿಸಬೇಕಾದ ಅಧ್ಯಾಯ. ಸುತ್ತ ತಮಿಳು ಮಾತು, ತರಗತಿಯಲ್ಲಿ ಇಂಗ್ಲಿಷ್, ಸಂಶೋಧನ ಲೇಖನಗಳೂ ಇಂಗ್ಲಿಷಿನಲ್ಲಿ. ಆದರೂ ಮನಸ್ಸಿನಲ್ಲಿ ಮಾಗುತ್ತಿದ್ದುದು ಕನ್ನಡ. ತಮಿಳರ ನಡುವಣ ಬದುಕು, ಅಲ್ಲಿನ ಇತಿಹಾಸವಾದಗಳು, ಕಾಲೇಜಿನ ರಾಜಕೀಯ ಇವೆಲ್ಲ ಮುಂದೆ ತಮಿಳು ತಲೆಗಳ ನಡುವೆ, ಕಾಲೇಜು ರಂಗ, ಪ್ರಾಧ್ಯಾಪಕನ ಪೀಠದಲ್ಲಿ ಮೊದಲಾದ ಪುಸ್ತಕಗಳಿಗೆ ಸಾಮಗ್ರಿಯಾದವು. ಅವುಗಳಲ್ಲಿನ ಕೆಲವು ಮಾತುಗಳ ಖಾರ ನಮಗೆ ತುಸು ಹೆಚ್ಚಾಯಿತೆನಿಸುವುದುಂಟು. ನೆರೆಮನೆಯವರ ಭಾಷೆಯೊಡನೆ ದಿನನಿತ್ಯ ಬಾಳುವವರು ಇನ್ನಷ್ಟು ಮೃದುವಾಗಿ ಹೇಳಿಯಾರು. ಆದರೆ ಆ ನಗುವಿನಲ್ಲಿ ಅವರು ತಮ್ಮನ್ನೂ ಬಿಟ್ಟುಕೊಂಡಿಲ್ಲ.

ಕಾಡಿನ ಹಾದಿಗೆ ಬಂದೊಡನೆ ಈ ಖಾರವೆಲ್ಲ ಇಳಿದುಬಿಡುತ್ತದೆ. 1976ರ ಹಸುರು ಹೊನ್ನು ಆ ಹಾದಿಯ ಪುಸ್ತಕ. ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಸಸ್ಯಸಂಗ್ರಹಕ್ಕಾಗಿ ಬೆಟ್ಟ, ಕಣಿವೆ, ದಟ್ಟಡವಿಗಳಿಗೆ ಹೋದ ಪ್ರವಾಸಗಳ ನೆನಪು ಅದರ ಹಂದರ. ಆ ಹಂದರಕ್ಕೆ ಹಬ್ಬಿರುವುದು ಗಿಡಮರಗಳ ಕತೆ. ಒಂದು ಗಿಡ ಕಣ್ಣಿಗೆ ಬಿತ್ತೆಂದರೆ ಅದರ ಎಲೆ, ಹೂ, ಕಾಯಿಗಳ ವಿವರ. ಅದಕ್ಕೆ ಹೆಸರು ಬಂದ ಬಗೆ. ಸಂಸ್ಕೃತ, ಕನ್ನಡ ಕವಿಗಳು ಅದನ್ನು ಕಂಡ ರೀತಿ. ನಡುವೆ ವಿದ್ಯಾರ್ಥಿಗಳ ಕೀಟಲೆ, ಮೇಷ್ಟರ ಮರುಕೀಟಲೆ. ಗಿಡಗಳ ರೇಖಾಚಿತ್ರಗಳನ್ನು ಬರೆದವರೂ ಅವರೇ. ಪಾಠವೆಂದು ಅನ್ನಿಸದ ಹಾಗೆ ಪಾಠ ಹೇಳುವ ಈ ಕಲೆ ತಂದೆಯಿಂದ ಬಂದುದೋ ಕಾಡಿನಿಂದ ಬಂದುದೋ ಹೇಳುವುದು ಕಷ್ಟ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಪ್ರವಾಸಗಳು ನಡೆದದ್ದು ಸ್ವಾಮಿಯವರ ನಡುಹರೆಯದಲ್ಲಿ. ಅವು ಪುಸ್ತಕವಾದದ್ದು ಅರುವತ್ತರ ಅಂಚಿನಲ್ಲಿ. ಅಷ್ಟು ಹೊತ್ತಿಗೆ ಅಂದಿನ ಹುಡುಗರು ಬದುಕಿನಲ್ಲಿ ಎಲ್ಲೆಲ್ಲಿಗೋ ಚದುರಿರಬೇಕು. ಕೃತಜ್ಞತೆ ಎಂಬ ಪದವನ್ನು ಲೇಖಕರು ಬಳಸುವುದು ಅಪರೂಪ. ಆದರೆ ಪ್ರತಿಯೊಬ್ಬ ಶಿಷ್ಯನ ಮಾತಿನ ಧಾಟಿಯನ್ನು ಅಷ್ಟು ಕಾಲ ನೆನಪಿಟ್ಟುಕೊಂಡು ಪುಟಕ್ಕಿಳಿಸುವುದೆಂದರೆ ಮತ್ತೇನು? ಕನ್ನಡ ಬಾರದ ಆ ತಮಿಳು ಹುಡುಗರು ಕನ್ನಡ ಸಾಹಿತ್ಯದಲ್ಲಿ ಶಾಶ್ವತವಾಗಿ ಉಳಿದರು. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಡಿ.ವಿ.ಜಿ.ಯವರಿಗೆ ಅದೇ ಪ್ರಶಸ್ತಿ 1967ರಲ್ಲಿ ಸಂದಿತ್ತು. 1975ರಲ್ಲಿ ತೀರಿಕೊಂಡ ತಂದೆ ಮಗನ ಈ ಗೌರವವನ್ನು ಕಾಣಲಿಲ್ಲ.

ಮನುಷ್ಯರ ಪ್ರವಾಸದಷ್ಟೇ ಗಿಡಗಳ ಪ್ರವಾಸವೂ ಸ್ವಾಮಿಯವರನ್ನು ಸೆಳೆದಿತ್ತು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಅವರ ಪುಸ್ತಕದ ಹೆಸರೇ ಸಾಕು. ಮುಂಬಯಿಯ ವಡಾಪಾವನ್ನು ಕೈಯಲ್ಲಿ ಹಿಡಿದು ಯೋಚಿಸೋಣ: ಆಲೂಗೆಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳದು, ಮೆಣಸಿನಕಾಯಿಯೂ ಅಮೆರಿಕದ್ದು, ಚಟ್ನಿಗೆ ಶೇಂಗಾ ಹಾಕಿದ್ದರೆ ಅದೂ ಅಲ್ಲಿಯದೇ. ಇವನ್ನೆಲ್ಲ ನಮ್ಮ ಕರಾವಳಿಗೆ ತಂದವರಲ್ಲಿ ಪೋರ್ಚುಗೀಸರು ಮುಖ್ಯರು; ಬಟಾಟೆ ಎಂಬ ಮಾತು ಅವರ ಬಾಯಿಂದಲೇ ಕನ್ನಡಕ್ಕೂ ಮರಾಠಿಗೂ ಇಳಿಯಿತು. ಬ್ಯಾಡಗಿ ಮೆಣಸಿನಕಾಯಿಯಿಲ್ಲದೆ ಸಾರು ಮಾಡಲೊಲ್ಲದ ನಮ್ಮ ಮನೆಗಳಲ್ಲಿ ಐದು ನೂರು ವರ್ಷಗಳ ಹಿಂದೆ ಕಾಳುಮೆಣಸೇ ಗತಿಯಾಗಿತ್ತು. ಊರು ಬಿಟ್ಟು ಬಂದು ಬೇರೆ ಮಣ್ಣಿನಲ್ಲಿ ಬೇರು ಬಿಟ್ಟ ಗಿಡವನ್ನು ಯಾರೂ ಪರದೇಶಿಯೆನ್ನುವುದಿಲ್ಲ. ಇದು ನಮಗೂ ತುಸು ಸಮಾಧಾನದ ಸಂಗತಿ!

ನಿವೃತ್ತಿಯ ಅನಂತರ ಸ್ವಾಮಿಯವರು ಮೈಸೂರಿಗೆ ಬಂದರು. ಬರವಣಿಗೆ ಭರದಿಂದ ಸಾಗಿತ್ತು. ಮೈಸೂರು ಡೈರಿಯನ್ನು ನಮಗೆ ಕೊಟ್ಟ ಈ ಜೀವ 1980ರ ನವೆಂಬರ್ 2ರಂದು, ಇನ್ನೂ 62ರ ವಯಸ್ಸಿನಲ್ಲಿ, ಅಲ್ಲಿಯೇ ನಿಂತುಹೋಯಿತು.

ನಮ್ಮ ಗೋರೆಗಾಂವಿನ ಪೂರ್ವಕ್ಕೆ ಆರೆಯ ಹಸುರು ಹಬ್ಬಿದೆ. ಅದರ ಉತ್ತರಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಇಲ್ಲಿ ಹಾಲಿನ ಕಾಲೊನಿ ಆರಂಭವಾದುದು 1949ರಲ್ಲಿ. 2019ರ ಅಕ್ಟೋಬರ್‌ನಲ್ಲಿ ಮೆಟ್ರೋ ಡಿಪೋಗಾಗಿ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದಾಗ ನಾವೆಲ್ಲ ಅಂಕಿಯನ್ನು ಹೇಳಿಕೊಂಡು ಮರುಗಿದೆವು. ಮೆಟ್ರೋ ಬೇಕೆಂದವರೂ ನಮ್ಮಲ್ಲಿದ್ದರು, ಬೇಡವೆಂದವರೂ ಇದ್ದರು. ಆದರೆ ಆ ಮರಗಳ ಹೆಸರನ್ನು ಮಾತ್ರ ಯಾವ ಕಡೆಯವರೂ ಹೇಳಿದ್ದು ಕಡಿಮೆ. ಹಸುರು ಹೊನ್ನನ್ನು ಓದಿದವರಿಗೆ ಇದು ಚುಚ್ಚುವ ಸಂಗತಿ. ಬೂರುಗ, ಮುತ್ತುಗ, ತೇಗ ಎಂದು ಊರಿನಲ್ಲಿ ಅಜ್ಜಂದಿರು ಬೆರಳು ತೋರಿ ಹೇಳುತ್ತಿದ್ದವು ಇಲ್ಲಿಯೂ ಇವೆ. ಮರಾಠಿಯಲ್ಲಿ ಸಾವರ, ಪಳಸ, ಸಾಗ. ಮಕ್ಕಳಿಗೆ ಎರಡು ಹೆಸರನ್ನೂ ಕಲಿಸಲು ಒಂದು ಭಾನುವಾರದ ಬೆಳಗು ಸಾಕು.

ಮಳೆಗಾಲ ಮುಗಿಯುವ ಹೊತ್ತಿಗೆ ಈ ಗುಡ್ಡಗಳ ಇಳಿಜಾರಿನಲ್ಲಿ ಕಾರ್ವಿ ಎಂಬ ಪೊದೆಯನ್ನು ನೋಡಬಹುದು. ಕೊಡೈಕನಾಲ್, ನೀಲಗಿರಿಗಳಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ಬೆಟ್ಟವನ್ನೇ ನೀಲಿಯಾಗಿಸುವ ಕುರಿಂಜಿಯ ಹತ್ತಿರದ ನೆಂಟ ಇದು. ಎಂಟು ವರ್ಷಗಳಿಗೊಮ್ಮೆ ನೇರಿಳೆ ಬಣ್ಣದಲ್ಲಿ ಅರಳಿ, ಬೀಜ ಬಿಟ್ಟು ಸಾಯುತ್ತದೆ. ನಮ್ಮ ಕಾಡಿನಲ್ಲಿ ಅದು 2016ರಲ್ಲಿ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು. ಮುಂದಿನ ಸರದಿ 2032ಕ್ಕೆ. ಇಂದು ಒಂದನೆಯ ತರಗತಿಯಲ್ಲಿರುವ ನಮ್ಮ ಮೊಮ್ಮಕ್ಕಳು ಆಗ ಹೈಸ್ಕೂಲಿನಲ್ಲಿರುತ್ತಾರೆ.