ಡಿ. ದೇವರಾಜ ಅರಸು

ಡಿ. ದೇವರಾಜ ಅರಸು (20 ಆಗಸ್ಟ್ 1915 – 6 ಜೂನ್ 1982) ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ರಾಜಕಾರಣಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಮನೆತನದವರಾದ ಇವರು 1952ರಲ್ಲಿ ಹುಣಸೂರಿನಿಂದ ಶಾಸಕರಾಗಿ ಆಯ್ಕೆಯಾದರು, 1972ರಲ್ಲಿ ಮುಖ್ಯಮಂತ್ರಿಯಾದರು.

ಹುಬ್ಬಳ್ಳಿಯನ್ನೊಳಗೊಂಡ ಧಾರವಾಡ ಜಿಲ್ಲೆಯಲ್ಲಿ 1948ರ ಮುಂಬೈ ಗೇಣಿ ಕಾಯ್ದೆ ಮೊದಲೇ ಜಾರಿಯಲ್ಲಿತ್ತು. ಇಡೀ ರಾಜ್ಯಕ್ಕೆ ಅನ್ವಯಿಸುವ 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ ಗೇಣಿ ವ್ಯಾಜ್ಯಗಳು ಮುನ್ಸೀಫ್ ನ್ಯಾಯಾಲಯಗಳಿಗೇ ಹೋಗುತ್ತಿದ್ದವು. ಬಾಯಿಮಾತಿನ ಗೇಣಿಗೆ ಅಲ್ಲಿ ದಾಖಲೆ ಒದಗಿಸುವುದು ಬಡ ರೈತನಿಗೆ ಸುಲಭವಾಗಿರಲಿಲ್ಲ. ಅರಸು ಸರ್ಕಾರದ ತಿದ್ದುಪಡಿಯಂತೆ ಗೇಣಿ ಜಮೀನುಗಳು 1 ಮಾರ್ಚ್ 1974ರಂದು ಸರ್ಕಾರದಲ್ಲಿ ನಿಹಿತವಾದವು; ಉಳುವವನು ಹಕ್ಕಿಗಾಗಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕಾಯಿತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಉಳಿದ ನಾಲ್ವರು ನಾಮನಿರ್ದೇಶಿತರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ.

ಸದಸ್ಯರನ್ನು ಜನರು ಚುನಾಯಿಸದೆ ಸರ್ಕಾರವೇ ನೇಮಿಸುತ್ತಿದ್ದುದರಿಂದ ಇದು ಪೂರ್ಣ ವಿಕೇಂದ್ರೀಕರಣವಲ್ಲ. ಯಾರ ಹೊಲವನ್ನು ಯಾರು ಉಳುತ್ತಿದ್ದರೆಂಬುದನ್ನು ಬಲ್ಲವರ ಮುಂದೆಯೇ ವಿಚಾರಣೆ ನಡೆದದ್ದು ಗೇಣಿದಾರನಿಗೆ ಬಲ ನೀಡಿತು. ಆದರೆ ಸ್ಥಳೀಯ ಪ್ರಭಾವಕ್ಕೂ ಅದೇ ದಾರಿ ತೆರೆಯಿತು. ಗೇಣಿಯ ಆದಾಯದಿಂದಲೇ ಬದುಕುತ್ತಿದ್ದ ಸಣ್ಣ ಹಿಡುವಳಿಯ ವಿಧವೆಯರೂ ಜಮೀನು ಕಳೆದುಕೊಂಡರು. ಅಸಮಾಧಾನಗೊಂಡವರಿಗೆ ಉಳಿದದ್ದು ಉಚ್ಚ ನ್ಯಾಯಾಲಯದ ರಿಟ್ ಅರ್ಜಿಯೊಂದೇ.

ಅರಸು 1980ರಲ್ಲಿ ಅಧಿಕಾರ ಬಿಟ್ಟರು. ಅವರ ನಿಧನಾನಂತರ, 1986ರಲ್ಲಿ, ಮೇಲ್ಮನವಿ ಪ್ರಾಧಿಕಾರಗಳಿಗೆ ಅವಕಾಶವಾಯಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ವಕೀಲರ ಮೇಲಿನ ನಿಷೇಧವನ್ನು ರದ್ದುಪಡಿಸಿತು.